ಬಸ್ ಸ್ಟಾಪಿನ ಮುಳ್ಳುಗಿಡದ ಮೊಗ್ಗು

ಕಣ್ಣಿಟ್ಟು ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಅದಕ್ಕೆ ಸಂಬಳವೂ ಬರುತ್ತಿತ್ತೆನ್ನಿ. ಕತಾರಿನ ರಾಸ್ ಲಫಾನ್ ಎಂಬಲ್ಲಿಯ ಗ್ಯಾಸ್ ಸ್ಥಾವರವೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಸಡಿಲಾದ ನಟ್ಟು, ಬಿಚ್ಚಿದ ಶೂ ಲೇಸು ಯಾವುದೂ ನನ್ನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಎದುರಿಗಿರುವ ಕನ್ನಡಕವೂ ಕಾಣುವುದಿಲ್ಲವೆಂದು ಹೆಂಡತಿ ಶಶಿಕಲಾಳ ದೂರು. ಆ ವಿಷಯ ಈಗ ಬೇಡ.

ಎರಡು ಸಾವಿರದ ಆರೋ ಏಳೋ ಇರಬೇಕು. ಅಲ್ ಖೋರಿನಲ್ಲಿ ನಮ್ಮ ಪಕ್ಕದ ಮನೆಗೆ ಸಹೋದ್ಯೋಗಿ ನಿಕೋಸ್ ಬಂದ. ಗ್ರೀಸಿನ ಸಿಫ್ನೋಸ್ ಎಂಬ ಪುಟ್ಟ ದ್ವೀಪದವನು. ಚಳಿಗಾಲ ಕಳೆಯಲು ಅವನ ತಾಯಿಯೂ ಬಂದರು. ಕಪ್ಪು ಉಡುಪಿನ ಅಜ್ಜಿ. ಗ್ರೀಕ್ ಬಿಟ್ಟು ಬೇರೆ ಭಾಷೆ ಬಾರದು. ಬಂದ ವಾರದಲ್ಲೇ ಅವರಿಗೆ ಊಟ ಸೇರದಾಯಿತು. "ಇಲ್ಲಿ ತರಕಾರಿ ಪ್ಲಾಸ್ಟಿಕ್ಕಿನೊಳಗೇ ಹುಟ್ಟುತ್ತದಾ ಅಂತ ಕೇಳ್ತಾಳೆ. ಊರಿಗೆ ಕಳಿಸು ಅಂತ ಅಳ್ತಾಳೆ," ಎಂದು ನಿಕೋಸ್ ಕಂಪನಿ ಬಸ್ಸಿನಲ್ಲಿ ಪೇಚಾಡಿಕೊಂಡ. ಊರಿನಲ್ಲಿ ಆಕೆ ಶನಿವಾರ ಮಣ್ಣಿನ ಮಡಕೆಗೆ ಕಾಬೂಲಿ ಕಡಲೆ, ಈರುಳ್ಳಿ, ಆಲಿವ್ ಎಣ್ಣೆ ಹಾಕಿ ಬೇಕರಿಯ ಒಲೆಗೆ ಕೊಟ್ಟು, ಭಾನುವಾರ ಚರ್ಚು ಮುಗಿಸಿ ಬರುವಾಗ ಹೊತ್ತು ತರುತ್ತಿದ್ದರಂತೆ. ಕಡಲೆ ತಾನೇ ಎಂದು ಶಶಿಕಲಾ ನಮ್ಮ ಕರಾವಳಿಯ ಕಡಲೆ ಗಸಿ ಕಳಿಸಿದಳು. ಅಜ್ಜಿ ಒಂದು ಚಮಚ ತಿಂದು, ಮೂರು ಲೋಟ ನೀರು ಕುಡಿದರು.

ಮಾರ್ಚಿನ ಒಂದು ಬೆಳಿಗ್ಗೆ ನೋಡುತ್ತೇನೆ, ಬಸ್ ಸ್ಟಾಪಿನ ಮುಳ್ಳುಪೊದೆಯ ಮುಂದೆ ಅಜ್ಜಿ ಮಂಡಿಯೂರಿದ್ದಾರೆ! ಆರು ವರ್ಷಗಳಲ್ಲಿ ನನ್ನ ಎರಡು ಪ್ಯಾಂಟು ಹರಿದ ಪೊದೆ ಅದು. ಬಟಾಣಿಯಷ್ಟು ದಪ್ಪದ ಹಸಿರು ಮೊಗ್ಗುಗಳನ್ನು ಕೊಯ್ದು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. "ನೋ! ಪಾಯ್ಸನ್! ಖಲಾಸ್!" ಎಂದು ಕೂಗಿ, ಕತ್ತು ಹಿಡಿದುಕೊಂಡು ನಾಲಿಗೆ ಚಾಚಿ ಸತ್ತೇ ತೋರಿಸಿದೆ. ಕತಾರಿಗೆ ಬಂದ ಮೇಲೆ ಮೊದಲ ಸಲ ಅಜ್ಜಿ ನಕ್ಕರು. "ಕಾಪರಿ!" ಎಂದು ಒಂದು ಮೊಗ್ಗನ್ನು ನನ್ನ ಅಂಗೈಗಿಟ್ಟರು.

ನನ್ನ ಬೊಬ್ಬೆಗೆ ಓಡಿ ಬಂದ ಶಶಿಕಲಾ ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟಳು. "ನಾವು ಮಳೆಗಾಲದಲ್ಲಿ ಗುಡ್ಡೆಯಿಂದ ತಜಂಕು ಸೊಪ್ಪು ಕೊಯ್ಯುವುದಿಲ್ವಾ? ಇದೂ ಹಾಗೇ ಎಂತದೋ ಉಂಟು. ನೀವು ಬಸ್ಸು ಹತ್ತಿ ಮಾರಾಯ್ರೆ!"

ಅಂದಿನಿಂದ ದಿನವೂ ಒಬ್ಬರು ಗ್ರೀಕಿನಲ್ಲಿ, ಒಬ್ಬಳು ತುಳುವಿನಲ್ಲಿ ಮಾತಾಡುತ್ತ ಮೊಗ್ಗು ಕೊಯ್ದರು, ಉಪ್ಪಿನಲ್ಲಿ ಹೊರಳಿಸಿ ಜಾಡಿಗೆ ತುಂಬಿದರು. ಅದು ತಮ್ಮ ದ್ವೀಪದ ಬಂಡೆಗಳಲ್ಲೂ ಬೆಳೆಯುವ ಕೇಪರ್ ಗಿಡವೆಂದು ನಿಕೋಸ್ ಹೇಳಿದ. ಎರಡು ವಾರ ಕಳೆದ ಮೇಲೆ ಒಂದು ಶುಕ್ರವಾರ ನಮಗೆ ಅವರಲ್ಲಿ ಊಟ. ಟೊಮೆಟೊ, ಈರುಳ್ಳಿ, ಊರಿನಿಂದ ತಂದ ಆಲಿವ್ ಎಣ್ಣೆ; ಮೇಲೆ ಆ ಮೊಗ್ಗು. ಬಾಯಿಗಿಟ್ಟೆ. ಮೊದಲು ಉಪ್ಪು, ಆಮೇಲೆ ಸಾಸಿವೆಯ ಘಾಟು, ಕೊನೆಗೆ ಹೆಸರು ತಿಳಿಯದ ಯಾವುದೋ ಹೂವಿನ ಪರಿಮಳ. ಮಳೆಯ ಮುಖ ಕಾಣದ ಈ ಕಲ್ಲುನೆಲ ಇಷ್ಟನ್ನೆಲ್ಲ ಎಲ್ಲಿ ಇಟ್ಟುಕೊಂಡಿತ್ತು? ಕಣ್ಣು ಮುಚ್ಚಿ ಇನ್ನೊಂದನ್ನು ಬಾಯಿಗಿಟ್ಟೆ. ನಾನು ಕಣ್ಣು ಮುಚ್ಚಿದ್ದು ಕಂಡು ಗಾಬರಿಯಾದ ಶಶಿಕಲಾ ಹಣೆ ಮುಟ್ಟಿ ನೋಡಿದಳು. ಅಜ್ಜಿಯೋ, ಬ್ರೆಡ್ಡಿನ ನಾಲ್ಕನೇ ತುಂಡನ್ನು ತಟ್ಟೆಯ ಎಣ್ಣೆಗೆ ಒತ್ತಿ ತಿನ್ನುತ್ತಿದ್ದರು. ಊರಿನ ಮಾತು ಎತ್ತದೆ ಈಸ್ಟರ್ ಮುಗಿಯುವವರೆಗೂ ಇದ್ದರು.

ಮರುವರ್ಷದ ಮಾರ್ಚಿನಲ್ಲಿ ನಮ್ಮ ವಿಭಾಗಕ್ಕೊಂದು ದೂರು ಬಂತು. ಬಸ್ ಸ್ಟಾಪಿನಲ್ಲಿ ಒಬ್ಬ ಭಾರತೀಯ ಬೆಳಬೆಳಿಗ್ಗೆ ಮಂಡಿಯೂರಿ ವಿಷದ ಗಿಡದ ಮೊಗ್ಗು ಕೊಯ್ದು ಹೆಲ್ಮೆಟ್ಟಿಗೆ ತುಂಬಿಕೊಳ್ಳುತ್ತಾನೆ, ಮಾನಸಿಕ ಸ್ಥಿತಿ ಸರಿಯಿದ್ದಂತಿಲ್ಲ, ತಕ್ಷಣ ವಿಚಾರಿಸಿ ಎಂದು. ವಿಚಾರಣೆಗೆ ನೇಮಕವಾದವನು ನಾನೇ. ನನ್ನ ಹೆಲ್ಮೆಟ್ಟನ್ನು ಮೇಜಿನಡಿಗೆ ಸರಿಸಿ, ಗಿಡದಿಂದ ಅಪಾಯವಿಲ್ಲ ಎಂದು ಎರಡು ಪುಟ ವರದಿ ಬರೆದೆ. ಭಾರತೀಯನ ಮಾನಸಿಕ ಸ್ಥಿತಿಯ ಕಾಲಮ್ಮನ್ನು ಖಾಲಿ ಬಿಟ್ಟೆ.