ಯಂತ್ರದ ಹಣೆ

ಇವತ್ತು ಬೆಳಗ್ಗೆ ಎಮ್ಮೆ ಕರೆದು ಡೇರಿಗೆ ಹಾಲು ಹಾಕಿದೆ, ಹದಿನೆಂಟು ರೊಟ್ಟಿ ತಟ್ಟಿದೆ, ಅತ್ತೆಯವರ ಕನ್ನಡಕಕ್ಕೆ ದಾರ ಕಟ್ಟಿದೆ, ಎರಡು ಬುಟ್ಟಿ ಸಗಣಿ ಹೊತ್ತೆ. ಮಧ್ಯಾಹ್ನ ಸರ್ಕಾರದ ಸಹಾಯಧನ ಜಮಾ ಆದ ಮೆಸೇಜು ಬಂತು. ಅದನ್ನು ನಾಲ್ಕು ಸಲ ಓದಿದ್ದೂ ಕೆಲಸವೇ ಅಂತ ಲೆಕ್ಕಕ್ಕೆ ಸೇರಿಸಿದ್ದೇನೆ.

ಸಹಾಯಧನ ಮೇವು ಕತ್ತರಿಸುವ ಯಂತ್ರದ್ದು. ಪೂರ್ತಿ ಹಣ ಕೊಟ್ಟು ದಾವಣಗೆರೆಯಿಂದ ತರಬೇಕು, ಅರ್ಧ ಆಮೇಲೆ ಖಾತೆಗೆ ಬರುತ್ತದೆ. ಕೊಟ್ಟದ್ದು ನನ್ನ ಎರಡು ವರ್ಷದ ಹಾಲಿನ ದುಡ್ಡು. ವಾಪಸು ಬರುವ ಹಣದಲ್ಲಿ ಇನ್ನೊಂದು ಎಮ್ಮೆ ತರುವುದೆಂದು ಹಗ್ಗ ಕೂಡ ಕೊಂಡಿಟ್ಟಿದ್ದೆ. "ಹಗ್ಗ ಮೊದಲು ಬಂತು, ಎಮ್ಮೆ ನೋಡಿದ್ರೆ ಸರ್ಕಾರದ ಹತ್ರ ಐತೆ. ಬರಂಗಿಲ್ಲ ಬಿಡು" ಎಂದು ನಮ್ಮ ಯಜಮಾನರು ದಿನಾ ಛೇಡಿಸುತ್ತಿದ್ದರು.

ಆ ಹಣ ನಡುವೆ ಸಿಕ್ಕಿಕೊಂಡದ್ದರಲ್ಲಿ ತಪ್ಪು ನನ್ನದೇ, ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಗೆ ಯಾವ ಹೊಸ ಸಾಮಾನು ಬಂದರೂ ಮೊದಲು ಮೂರು ಬೆರಳು ವಿಭೂತಿ. ಮಿಕ್ಸಿಗೂ ಆಗಿದೆ, ಗ್ಯಾಸ್ ಸಿಲಿಂಡರಿಗೂ ಆಗಿದೆ. ಈ ಯಂತ್ರಕ್ಕೆ ಮಾತ್ರ ಹಣೆ ಎಲ್ಲಿದೆ ಎಂದು ಬಹಳ ಹುಡುಕಿದೆ. ಮುಂಭಾಗದಲ್ಲಿ ಒಂದು ಚೊಕ್ಕ ತಗಡಿನ ಪಟ್ಟಿ ಕಂಡಿತು. ಅಂಗೈ ಅಗಲ, ನುಣ್ಣಗೆ, ಥೇಟ್ ಹಣೆಯೇ. ಧಾರಾಳವಾಗಿ ಬಳಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಸಹಾಯಧನದ ಅರ್ಜಿಯ ಜೊತೆ ಹರಿಹರದ ಕಚೇರಿಗೆ ಕೊಟ್ಟೆ.

"ಫೋಟೋ ಭಾಳ ಚಂದ ಬಂದೈತಮ್ಮ. ಯಂತ್ರದ ನಂಬರ್ ಎಲ್ಲೈತೆ?" ಎಂದರು ಅಲ್ಲಿನ ಗುಮಾಸ್ತರು. ನಂಬರು ವಿಭೂತಿಯ ಕೆಳಗಿತ್ತು. "ನಾಳೆ ಸಂಜೆ ಒಳಗೆ ಬ್ಯಾರೆ ಫೋಟೋ ತರ್ರಿ. ಆಮೇಲೆ ನನ್ನ ಕೈಯಾಗಿಲ್ಲ."

ಒರೆಸಿದರೆ ಮುಗಿಯಿತಲ್ಲ ಎನ್ನುವವರು ನಮ್ಮ ಅತ್ತೆಯವರನ್ನು ನೋಡಿಲ್ಲ. "ಹೊಸ ಸಾಮಾನಿಗೆ ಹಚ್ಚಿದ ಇಬತ್ತಿ ಅಮಾಸಿ ತನಕ ಒರಸಬಾರ್ದವ್ವ" ಎಂದು ಯಂತ್ರದ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತರು. ಅಮಾವಾಸ್ಯೆಗೆ ಇನ್ನೂ ಎಂಟು ದಿನ. ಮುಸುರೆ ತಿಕ್ಕುತ್ತ ಯೋಚಿಸಿದೆ. ಗುಡಿಯಲ್ಲಿ ಲಿಂಗದ ವಿಭೂತಿಯನ್ನು ಯಾರೂ ಒರೆಸುವುದಿಲ್ಲ. ಆದರೂ ಅದು ದಿನಾ ಹೋಗುತ್ತದೆ, ಹೇಗೆ?

"ಅತ್ತೆಮ್ಮಾ, ಒರೆಸೋದು ಬ್ಯಾಡ್ರಿ. ಅಭಿಷೇಕ ಮಾಡಾಣೇನ್ರಿ?"

ಅವರು ಮಣೆ ಬಿಟ್ಟು ಎದ್ದರು. "ಅಭಿಷೇಕಕ್ಕೆ ಯಾರು ಬ್ಯಾಡ ಅಂತಾರೆ? ತಾ ತಂಬಿಗಿ."

"ಮೋಟಾರಿಗೆ ನೀರು ಬಿದ್ರೆ ಸಹಾಯಧನ ಅಲ್ಲ, ರಿಪೇರಿ ಬರ್ತೈತೆ" ಎಂದು ಗೊಣಗುತ್ತಲೇ ಯಜಮಾನರು ಮೋಟಾರಿಗೆ ಗೊಬ್ಬರದ ಚೀಲ ಕಟ್ಟಿದರು. ಅತ್ತೆಯವರೇ ಶಿವ ಶಿವಾ ಎನ್ನುತ್ತ ಐದು ತಂಬಿಗೆ ಸುರಿದರು. ಒಂದೊಂದೇ ಅಂಕಿ ದರ್ಶನ ಕೊಟ್ಟಿತು. ಮರುದಿನ ಹೊಸ ಫೋಟೋ ನೋಡಿ ಗುಮಾಸ್ತರು, "ನಂಬರ್ ಸಿಕ್ತು. ಯಂತ್ರ ಯಾಕೆ ತೊಯ್ದೈತಮ್ಮ?" ಎಂದರು. "ಜಳಕ ಆಗೈತ್ರಿ" ಎಂದೆ. ಅವರು ಠಪ್ಪೆಂದು ಸೀಲು ಒತ್ತಿದರು. ಹರಿಹರದಿಂದ ನಮ್ಮೂರು ಭಾನುವಳ್ಳಿವರೆಗೆ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದೆ, ಕಾಲು ನೋಯಲೇ ಇಲ್ಲ.

ಇವತ್ತು ಹಣ ಬಂದ ಖುಷಿಗೆ ರಾತ್ರಿ ಊಟಕ್ಕೆ ರೊಟ್ಟಿ, ಹೆಸರುಕಾಳು ಪಲ್ಯ, ಗೋಧಿ ಹುಗ್ಗಿ. ಬರಂಗಿಲ್ಲ ಎಂದಿದ್ದವರು ಎರಡು ಸಲ ಹುಗ್ಗಿ ಹಾಕಿಸಿಕೊಂಡು ಎಲ್ಲರಿಗಿಂತ ಮೊದಲು ಮಲಗಿದರು. ನಾನು ಗೂಟದ ಮೇಲಿನ ಹಗ್ಗ ಇಳಿಸಿಟ್ಟು ಮಲಗಲು ಹೊರಟೆ. ಎಮ್ಮೆಗಾದರೆ ನಂಬರಿನ ಬಿಲ್ಲೆ ಕಿವಿಯಲ್ಲಿರುತ್ತದೆ, ಹಣೆ ಖಾಲಿ. ನನ್ನಂಥವಳಿಗೆ ಅದೇ ಕ್ಷೇಮ.