ಗಾದ್ರಪ್ಪನ ಗುಲಗಂಜಿ ಹುಳ

ಚಳ್ಳಕೆರೆಯಲ್ಲಿ ಕೀಟನಾಶಕದ ಅಂಗಡಿ ಇಟ್ಟ ಕಲ್ಲೇಶಪ್ಪನ ಕೈಕೆಳಗೆ ಹನ್ನೆರಡು ವರ್ಷ ದುಡಿದ ಗಾದ್ರಪ್ಪ, ತನ್ನ ಬಾಲ್ಕನಿಯ ಗಿಡಗಳಿಗೆ ಮಾತ್ರ ಒಂದು ತೊಟ್ಟು ಔಷಧಿಯನ್ನೂ ಹೊಡೆಯುತ್ತಿರಲಿಲ್ಲ. ಡಬ್ಬಗಳ ಮೇಲಿನ ಬುರುಡೆ ಚಿತ್ರವನ್ನು ದಿನವಿಡೀ ನೋಡುವವನಿಗೆ ಆ ಔಷಧಿ ಬಿದ್ದ ಕಾಯಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕುಂಡದ ಅಲಸಂದೆಗೆ ರಸ ಹೀರುವ ಕರಿಹೇನು ಹತ್ತಿದಾಗ ಪಕ್ಕದ ಹಳ್ಳಿ ನನ್ನಿವಾಳದ ಹೊಲದಿಂದ ಬೆಂಕಿಪೆಟ್ಟಿಗೆಯಲ್ಲಿ ಗುಲಗಂಜಿ ಹುಳ ಹಿಡಿದು ತಂದು ಬಿಟ್ಟ. ಕೆಂಪು ಮೈ, ಕಪ್ಪು ಚುಕ್ಕೆಯ ಆ ಹುಳಗಳು ಬೀಗರೂಟಕ್ಕೆ ಕೂತವರ ಹಾಗೆ ತಲೆಯೆತ್ತದೆ ತಿಂದು ಹೇನನ್ನು ಮುಗಿಸಿದವು. ಯಜಮಾನನಿಗೆ ಇದು ಗೊತ್ತಾದರೆ ನೌಕರಿ ಉಳಿಯುವ ಹಾಗಿರಲಿಲ್ಲ.

ಕೆಡಿಸಿದ್ದು ಪಕ್ಕದ ಮನೆಯ ವೀರಮ್ಮ. ಮಂಗಳವಾರ ಇರುವೆ ಪುಡಿಗೆಂದು ಅಂಗಡಿಗೆ ಬಂದವಳು, ಗಾದ್ರಪ್ಪನ ಅಲಸಂದೆಯಲ್ಲಿ ಹುಡುಕಿದರೂ ಒಂದು ಹೇನಿಲ್ಲವೆಂದು ಎಲ್ಲರೆದುರು ಹೊಗಳಿದಳು. ಎರಡೆಕರೆ ಅಲಸಂದೆಗೆ ಔಷಧಿ ಕೇಳುತ್ತ ನಿಂತಿದ್ದ ದುರುಗಕ್ಕನ ಕಿವಿ ನೆಟ್ಟಗಾಯಿತು. ಕಲ್ಲೇಶಪ್ಪನ ಮುಖ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

"ನಮ್ಮ ಮಾಲು ಹೊಡೆದದ್ದಕ್ಕೇ ಹಂಗೈತೆ ಅಕ್ಕ. ನಡಿ, ಕಣ್ಣಾರೆ ನೋಡುವಂತಿ. ಲೇ ಗಾದ್ರಿ, ನೀನು ಮುಂದೆ ಹೋಗಿ ಪಂಪಿಗೆ ಔಷಧಿ ತುಂಬು, ಅಕ್ಕನ ಎದುರೇ ಹೊಡೆದು ತೋರಿಸು."

ಗಾದ್ರಪ್ಪ ಓಡಿದ. ಹೊಡೆದರೆ ಹುಳ ಹೋದವು, ಹೊಡೆಯದಿದ್ದರೆ ನೌಕರಿ ಹೋಯಿತು. ಪಂಪಿಗೆ ನಲ್ಲಿ ನೀರು ತುಂಬಿ, ಬೆಳ್ಳಗೆ ಕಾಣಲೆಂದು ಒಂದು ಲೋಟ ಮಜ್ಜಿಗೆ ಸುರಿದ.

ವೀರಮ್ಮನೂ ಸೇರಿ ಮೂವರೂ ಮೆಟ್ಟಿಲೇರಿ ಬಂದರು. ಗಾದ್ರಪ್ಪ ಮೂಗಿಗೆ ಟವೆಲು ಕಟ್ಟಿ, ಬಲು ಶ್ರದ್ಧೆಯಿಂದ ಹೊಡೆದ.

ದುರುಗಕ್ಕ ಮೂಗರಳಿಸಿದಳು. "ಔಷಧಿ ಅಂದ್ರೆ ನಂಗೆ ಮೂರು ದಿನ ತಲೆ ಸಿಡಿತೈತ್ರಿ. ಇದು ಮಜ್ಜಿಗೆ ವಾಸನೆ ಬರ್ತೈತಲ್ರಿ."

ಕಲ್ಲೇಶಪ್ಪ ಎಲೆಯ ಮೇಲಿನ ಹನಿಯನ್ನು ಬೆರಳಿಗೆ ತಗೊಂಡು ಮೂಸಿದ. ಅಷ್ಟರಲ್ಲಿ ತೊಯ್ದ ಹುಳವೊಂದು ಅವನ ಬಿಳಿ ಅಂಗಿಯ ತೋಳು ಹತ್ತಿ ನಡೆಯತೊಡಗಿತು. ಗಾದ್ರಪ್ಪನಿಗೆ ದಾರಿ ಉಳಿಯಲಿಲ್ಲ, ಎಲ್ಲ ಬಾಯಿಬಿಟ್ಟ.

"ಅಡಿಗೆಭಟ್ಟನೇ ಮನೆಯಿಂದ ಬುತ್ತಿ ತಂದಂಗಾತು ನೋಡ್ರಿ," ಎಂದಳು ವೀರಮ್ಮ.

ಕಲ್ಲೇಶಪ್ಪನ ಕಣ್ಣು ಕೆಂಪಗಾದವು. ಅವನು ಬಾಯಿ ತೆರೆಯುವ ಮೊದಲೇ ದುರುಗಕ್ಕ, ತನಗೆ ಔಷಧಿ ಬೇಡ, ಈ ಹುಳವನ್ನೇ ಕೊಡಿ ಅಂದಳು. ಬಂದ ಬೈಗುಳವನ್ನು ಕಲ್ಲೇಶಪ್ಪ ಎಂಜಲಿನ ಜೊತೆ ನುಂಗಿದ.

"ಹೊಸ ಮಾಲು ಅಕ್ಕ. ನಿನಗೇ ಮೊದಲು."

ಸಂಜೆಯೊಳಗೆ ನಾಲ್ಕೈದು ಜೊತೆ ಬಿಟ್ಟು ಉಳಿದ ಹುಳವೆಲ್ಲ ತೂತು ಹಾಕಿದ ಡಬ್ಬಿಗಳಿಗೆ ಇಳಿದಿತ್ತು. ನೌಕರಿ ಉಳಿಯಿತಲ್ಲ ಎಂದು ಗಾದ್ರಪ್ಪ ಉಸಿರು ಬಿಡುವಾಗ, ಮೆಟ್ಟಿಲಿಳಿಯುತ್ತಿದ್ದ ಯಜಮಾನ ತಿರುಗಿ ನಿಂತ.

"ಲೇ, ಉಳಿದ ಹುಳ ಮರಿ ಮಾಡಬೇಕಲ್ಲ, ಅವಕ್ಕೆ ತಿನ್ನಾಕೆ ಏನೈತೆ ಇಲ್ಲಿ? ನಾಳೆಯಿಂದ ಅಂಗಡಿ ಕಡೆ ಬರಬ್ಯಾಡ. ಎಲ್ಲಿಂದಾದ್ರೂ ಹೇನು ತಂದು ಇಲ್ಲೇ ಸಾಕಿ ಬೆಳೆಸು. ಸೋಮವಾರ ಬಂದು ನೋಡ್ತೀನಿ, ಒಂದು ಎಲೆನೂ ಚೊಕ್ಕ ಇರಬಾರ್ದು."