ಪಂಚಾಯಿತಿ ಲೆಕ್ಕದಲ್ಲಿ ನಮ್ಮ ಮನೆ

ಸ್ವಂತ ಮನೆ ಕಟ್ಟಿಸಿದವರ ಗೇಟಿನ ಮುಂದೆ ಸುಮ್ಮನೆ ನಿಂತುಕೊಳ್ಳಬಾರದು. ನಿಂತರೆ ಒಳಗೆ ಕರೆಯುತ್ತಾರೆ. ಒಳಗೆ ಹೋದರೆ ಕಾಫಿಗಿಂತ ಮೊದಲು ಅಡುಗೆಮನೆಯ ಕಪಾಟುಗಳನ್ನು ತೆಗೆದು ತೋರಿಸುತ್ತಾರೆ, ಬಚ್ಚಲಿನ ನಲ್ಲಿಗಳನ್ನು ತಿರುಗಿಸಿ ನೀರು ಬರುವುದನ್ನೂ ತೋರಿಸುತ್ತಾರೆ. ಈ ಕಾಯಿಲೆ ನನಗೂ ಇದೆ, ಅದೂ ಸ್ವಲ್ಪ ಜೋರಾಗಿಯೇ ಇದೆ. ಜಾಲಹಳ್ಳಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಕ್ವಾರ್ಟರ್ಸಿನ ಒಂದೇ ಬಣ್ಣದ ಗೋಡೆಗಳ ನಡುವೆ ಅರ್ಧ ಆಯುಷ್ಯ ಕಳೆದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಚಿಕ್ಕಬಾಣಾವರದ ಆಚೆಯ ಒಂದು ಹಳ್ಳಿಯಲ್ಲಿ ನಾನು ಮನೆ ಕಟ್ಟಿಸಿದೆ. ನನ್ನ ಹೆಸರಿನಲ್ಲಿ ಕಟ್ಟಿಸಿದೆ. ಈ ಕೊನೆಯ ವಾಕ್ಯವನ್ನು ಯಾರೂ ಕೇಳದಿದ್ದರೂ ಹೇಳುವುದು ನನ್ನ ಅಭ್ಯಾಸ. ಆಗ ನಮ್ಮ ಯಜಮಾನರಾದ ರುದ್ರಪ್ಪನವರು, "ಹೌದು, ನಾನಿಲ್ಲಿ ಬಾಡಿಗೆಗೆ ಇದ್ದೇನೆ" ಎಂದು ಸೇರಿಸುವುದು ಅವರ ಅಭ್ಯಾಸ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ನಮ್ಮ ಹಳ್ಳಿ ಇನ್ನೂ ಗ್ರಾಮ ಪಂಚಾಯಿತಿಯ ಕೈಯಲ್ಲೇ ಇತ್ತು. ವರ್ಷಕ್ಕೊಮ್ಮೆ ಬಿಲ್ ಕಲೆಕ್ಟರ್ ಸೈಕಲ್ಲಿನಲ್ಲಿ ಬಂದು ಕಂದಾಯ ತೆಗೆದುಕೊಂಡು ರಸೀದಿ ಹರಿದು ಕೊಡುತ್ತಿದ್ದ. ಕಂದಾಯ ಎಷ್ಟು ಕಡಿಮೆ ಎಂದರೆ, ಮಲ್ಲೇಶ್ವರದ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಓರಗಿತ್ತಿ ಅದನ್ನು ಕೇಳಿ ಮಾತು ನಿಲ್ಲಿಸಿದ್ದಳು. ಅವಳು ಮಾತು ನಿಲ್ಲಿಸುವುದು ಅಪರೂಪ. "ಹಳ್ಳಿಯವರು ಒಳ್ಳೆಯವರಮ್ಮ, ದುಡಿದು ಕಟ್ಟಿಸಿದ ಹೆಂಗಸು ಅಂತ ನೋಡಿ ಹಾಕಿದ್ದಾರೆ" ಎಂದು ನಾನು ವಿವರಣೆ ಕೊಟ್ಟಿದ್ದೆ. ಬದುಕಿಡೀ ಲೆಕ್ಕ ಪರಿಶೀಲಿಸಿದವಳು ಸ್ವಂತ ರಸೀದಿಯ ಹಿಂದಿನ ಲೆಕ್ಕವನ್ನು ಮಾತ್ರ ಕೇಳಲು ಹೋಗಿರಲಿಲ್ಲ.

ಕೇಳುವ ಪ್ರಸಂಗ ಬಂದದ್ದು ಮಗಳಿಂದ. ಅವಳಿಗೆ ಮಕ್ಕಳಿಗೆ ಭರತನಾಟ್ಯ ಹೇಳಿಕೊಡಲು ಒಂದು ಜಾಗ ಬೇಕಿತ್ತು. ಮಹಡಿ ಕಟ್ಟಿಸೋಣ ಎಂದೆ. ಸಾಲಕ್ಕೆ ಹೋದರೆ ಬ್ಯಾಂಕಿನವರು ಪಂಚಾಯಿತಿಯ ತೆರಿಗೆ ದಾಖಲೆಯ ನಕಲು ಬೇಕೆಂದರು. ಒಂದು ಕಾಗದ ತಾನೇ ಎಂದುಕೊಂಡು, ಇಸ್ತ್ರಿ ಸೀರೆ ಉಟ್ಟು ಪಂಚಾಯಿತಿ ಕಚೇರಿಗೆ ಹೊರಟೆ.

ಅಲ್ಲಿದ್ದ ಗುಮಾಸ್ತ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿ, "ಯಜಮಾನ್ರು ಬಂದಿಲ್ವಾ ಮೇಡಂ?" ಎಂದ.

"ಯಜಮಾನಿ ನಾನೇ" ಎಂದೆ.

"ಖಾನೇಶುಮಾರಿ ನಂಬರ್ ಯೋಳಿ."

ಹಿತ್ತಾಳೆಯಲ್ಲಿ ಕೆತ್ತಿಸಿ ಗೇಟಿಗೆ ಹಾಕಿದ್ದ ನಂಬರನ್ನು ಗಂಭೀರವಾಗಿ ಹೇಳಿದೆ. ಅವನು ನಕ್ಕ. ಅದು ಬಡಾವಣೆಯವರು ತಾವೇ ಕೊಟ್ಟುಕೊಂಡ ನಂಬರಂತೆ. ಊರಿನ ಮನೆಗಳನ್ನೆಲ್ಲ ಎಣಿಸಿ ಪಂಚಾಯಿತಿ ಬರೆದಿಟ್ಟ ನಂಬರು ಬೇರೆ, ಖಾನೇಶುಮಾರಿ ಎಂದರೆ ಅದು. ಸರಿ, ಹೆಸರಿನಿಂದ ಹುಡುಕಿದೆವು. ಗಿರಿಜಮ್ಮ ಎಂಬ ಹೆಸರಿನವರು ಆ ಊರಿನಲ್ಲಿ ಅಷ್ಟೊಂದು ಜನ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಚಕ್ಕುಬಂದಿಗೆ ಬಂದೆವು. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರಿದ್ದಾರೆ ಎಂದು ಜಾಗದ ನಾಲ್ಕು ದಿಕ್ಕು ಹೇಳುವ ಪದ್ಧತಿ ಅದು. ನಾನು "ಪೂರ್ವಕ್ಕೆ ಬ್ಯೂಟಿ ಪಾರ್ಲರ್" ಎಂದರೆ ಅವನ ಪುಸ್ತಕದಲ್ಲಿ ಹೊಂಗೆ ಮರ ಇತ್ತು. "ಪಶ್ಚಿಮಕ್ಕೆ ಮುನಿಯಮ್ಮನವರ ಮನೆ" ಎಂದಾಗ ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಸಿಕ್ತು ಬಿಡಿ. ಗಿರಿಜಮ್ಮ ಕೋಂ ರುದ್ರಪ್ಪ. ಸ್ವತ್ತಿನ ವಿವರ: ದನದ ಕೊಟ್ಟಿಗೆ, ಹುಲ್ಲಿನ ಚಾವಣಿ."

ಆಮೇಲೆ ತಿಳಿದದ್ದು ಇಷ್ಟು. ಪಕ್ಕದ ಮನೆಯ ಮುನಿಯಮ್ಮನವರು ನಮಗೆ ಮಾರಿದ ಜಾಗದಲ್ಲಿ ಹಿಂದೆ ಅವರ ದನದ ಕೊಟ್ಟಿಗೆ ಇತ್ತು. ಖಾತೆ ಬದಲಾಯಿಸುವಾಗ ಪಂಚಾಯಿತಿಯವರು ಹೆಸರನ್ನು ಮಾತ್ರ ಬದಲಾಯಿಸಿ, ಕೊಟ್ಟಿಗೆಯನ್ನು ಹಾಗೆಯೇ ಉಳಿಸಿದ್ದರು. ಗ್ರಾನೈಟ್ ನೆಲ, ತೇಗದ ಬಾಗಿಲು, ಕೆತ್ತಿಸಿದ ಕಂಬಗಳ ವರಾಂಡ ಇರುವ ನನ್ನ ಮನೆಗೆ ಇಷ್ಟು ವರ್ಷ ಕೊಟ್ಟಿಗೆಯ ಕಂದಾಯ ಕಟ್ಟಿದ್ದೆವು. ನಾನು ಕಚೇರಿಯ ಗೋಡೆಗಳು ಅದುರುವಂತೆ, "ಏನ್ರೀ ಇದು? ನಾನೇನು ದನದ ಕೊಟ್ಟಿಗೇಲಿ ಸಂಸಾರ ಮಾಡ್ತಿದೀನಾ? ಮರ್ಯಾದೆ ಬೇಡ್ವಾ?" ಎಂದೆ. ಪಡಿತರ ಚೀಟಿಗೆ ಬಂದು ಕುಳಿತಿದ್ದವರೆಲ್ಲ ತಿರುಗಿ ನೋಡಿದರು.

"ಸುಮ್ಕಿರಿ ಮೇಡಂ, ಒಳ್ಳೇದೇ ಆಯ್ತಲ್ಲ. ಕಂದಾಯ ಕಮ್ಮಿ" ಎಂದ ಗುಮಾಸ್ತ ಮೆಲ್ಲಗೆ.

"ಜಾಸ್ತಿ ಮಾಡಿ!" ಎಂದೆ. ಆ ಕಚೇರಿಯಲ್ಲಿ ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲವೇನೋ, ಒಳಗಿನ ಕೋಣೆಯಿಂದ ಕಾರ್ಯದರ್ಶಿಗಳೇ ಎದ್ದು ಬಂದರು. ವಿಷಯ ಕೇಳಿ, ಸ್ಥಳ ನೋಡಿ ತಿದ್ದಬಹುದು, ಆದರೆ ಅಲ್ಲಿ ಕೊಟ್ಟಿಗೆ ಈಗ ಇಲ್ಲ ಎಂದು ಹಳೆಯ ಮಾಲೀಕರು ಬಂದು ಹೇಳಿಕೆ ಕೊಡಬೇಕು ಎಂದರು. ಬ್ಯಾಂಕಿನಲ್ಲೂ ಅದೇ ಹಾಡು. "ಮೇಡಂ, ಹುಲ್ಲಿನ ಚಾವಣಿ ಮೇಲೆ ಮಹಡಿ ಕಟ್ಟೋಕೆ ಹೇಗೆ ಸಾಲ ಕೊಡೋದು?" ಎಂದು ಅಲ್ಲಿಯ ಅಧಿಕಾರಿ ನಗದೆ ಕೇಳಿದರು. ನಕ್ಕಿದ್ದರೆ ನಾನಾದರೂ ಬೈಯಬಹುದಿತ್ತು.

ಮುನಿಯಮ್ಮನವರು ನನಗೆ ಬೇಕಾದವರೇ. ಗೋಡೆ ಆಚೆಯಿಂದ ಕರಿಬೇವು ಕೊಡುವವರು, ಈಚೆಯಿಂದ ನನ್ನ ಚಟ್ನಿಪುಡಿ ಪಡೆಯುವವರು. ಒಂದು ಮಾತು ಹೇಳಿದರೆ ಬರುತ್ತಾರೆ ಎಂದುಕೊಂಡು ಸಂಜೆ ಅವರ ಜಗಲಿಗೆ ಹೋದೆ. ಆದರೆ ನನಗಿಂತ ಮೊದಲು ನನ್ನ ಪಂಚಾಯಿತಿ ಭಾಷಣ ಅಲ್ಲಿಗೆ ತಲುಪಿತ್ತು. ಅವರು ಅವರೆಕಾಳು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ನಮ್ ಕೊಟ್ಗೆ ಎಸ್ರು ಯೋಳಿದ್ರೆ ನಿಮ್ಗೆ ಮರ್ವಾದೆ ಓಯ್ತದಂತಲ್ಲವ್ವಾ" ಎಂದರು. "ಇಲ್ಲ ಅಂತ ನಾನ್ಯಾಕ್ ಬರ್ಕೊಡ್ಲಿ? ಇರ್ಲಿ ಬುಡು, ಪುಸ್ತಕದಾಗಾದ್ರೂ ಇರ್ಲಿ."

ನಾನು ಏನೇನೋ ಸಮಜಾಯಿಷಿ ಹೇಳಿದೆ. ಪ್ರತಿ ಸಮಜಾಯಿಷಿಯಲ್ಲೂ ನನ್ನ ಗ್ರಾನೈಟ್ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು. ಮುನಿಯಮ್ಮನವರು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ಮನೆಗೆ ಬಂದು ಯಜಮಾನರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ಅವರು ಪತ್ರಿಕೆ ಮಡಚಿಟ್ಟು, "ನೀನು ಹೋಗಿ ನಿನ್ನ ಮನೆ ವಿಷಯ ಹೇಳಿದೆ. ಅವರ ಕೊಟ್ಟಿಗೆ ವಿಷಯ ಕೇಳಿದೆಯಾ?" ಎಂದರು. ನಮ್ಮ ಯಜಮಾನರು ವರ್ಷಕ್ಕೆ ಒಂದೋ ಎರಡೋ ಸಲ ಹೀಗೆ ಸರಿಯಾಗಿ ಮಾತಾಡಿ ನನಗೆ ತೊಂದರೆ ಕೊಡುತ್ತಾರೆ.

ಮರುದಿನ ಹೋಗಿ, ಕೂರಲು ಹೇಳದಿದ್ದರೂ ಜಗಲಿಯ ಅಂಚಿನಲ್ಲಿ ಕುಳಿತು, "ಮುನಿಯಮ್ಮನವರೇ, ಆ ಕೊಟ್ಟಿಗೇಲಿ ಎಷ್ಟು ಹಸು ಇದ್ವು?" ಎಂದೆ.

ನಾನು ಗೇಲಿ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಾಯಿ ಬಿಟ್ಟರು. ಗಂಡ ತೀರಿಕೊಂಡಾಗ ಮೈದುನಂದಿರು ಹೊಲವನ್ನೆಲ್ಲ ತಮ್ಮ ತಮ್ಮಲ್ಲೇ ಹಂಚಿಕೊಂಡು, ಅವರ ಪಾಲಿಗೆ ಕಲ್ಲು ತುಂಬಿದ ಆ ತುಂಡು ಜಾಗ ಬಿಟ್ಟಿದ್ದರಂತೆ. ಅವರು ಒಂದು ಕರು ಸಾಕಿ, ಅದು ಹಸುವಾಗಿ, ಜಾಲಹಳ್ಳಿಯ ಕ್ವಾರ್ಟರ್ಸಿಗೆ ತಲೆಯ ಮೇಲೆ ಹಾಲು ಹೊತ್ತು ಮಾರಿ, ಆ ದುಡ್ಡಿನಲ್ಲಿ ಕೊಟ್ಟಿಗೆ ಕಟ್ಟಿದರು. "ಗಂಡಸ್ರೆಲ್ಲಾ ನಗಾಡಿದ್ರು ಕಣವ್ವಾ. ನಾನೇ ಓಗಿ ಪಂಚಾಯ್ತೀಲಿ ನನ್ನೆಸ್ರಿಗೆ ಬರೆಸ್ದೆ. ನಮ್ಮೂರಾಗೆ ಎಂಗ್ಸಿನ ಎಸ್ರಿಗೆ ಅದೇ ಮೊದ್ಲು. ಕಂದಾಯ ಕಟ್ಟಿ ಚೀಟಿ ಇಸ್ಕೊಂಡು ಮೈದ್ನನ ಮನೆ ಮುಂದೆ ಎಲ್ಡ್ ಸಲ ಓಡಾಡ್ದೆ." ಆಮೇಲೆ ಎದ್ದು ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದರು. ಹಸುಗಳು ನೀರು ಕುಡಿಯುತ್ತಿದ್ದ ಕಲ್ಲುಬಾನಿ ಅಲ್ಲಿತ್ತು. ಅದರ ಅಂಚು ಎಷ್ಟು ನುಣುಪು ನೋಡು ಎಂದು ನನ್ನ ಬೆರಳನ್ನು ಹಿಡಿದು ಸವರಿಸಿದರು. ಅಟ್ಟಕ್ಕೆ ಹಾಕಿದ್ದ ಸರ್ವೆ ಮರ ಎಲ್ಲಿಂದ ತಂದದ್ದು, ಗಂಜಲ ಹರಿಯಲು ಓರೆ ಎಷ್ಟು ಕೊಟ್ಟಿದ್ದರು, ಒಂದೂ ಬಿಡಲಿಲ್ಲ. ನಾನು ನಲ್ಲಿ ತಿರುಗಿಸಿ ತೋರಿಸುವಾಗ ನೆಂಟರ ಮುಖ ಹೇಗಿರುತ್ತದೆಂದು ಆವತ್ತು ನನಗೆ ಅಂದಾಜಾಯಿತು. ಆದರೆ ನನಗೆ ನಿಜವಾಗಿಯೂ ಇನ್ನಷ್ಟು ಕೇಳಬೇಕೆನಿಸಿತ್ತು. ಕ್ವಾರ್ಟರ್ಸಿನಲ್ಲಿ ನಾವು ಕೊಳ್ಳುತ್ತಿದ್ದ ಹಾಲೂ ಅವರದೇ ಇರಬಹುದೇ ಎಂದು ಕೇಳಿದೆ. "ನೀರ್ ಆಕ್ದಿರೋ ಆಲಾಗಿದ್ರೆ ನಂದೇಯ" ಎಂದರು.

ಸೋಮವಾರ ನಾವಿಬ್ಬರೂ ಒಂದೇ ಆಟೋದಲ್ಲಿ ಪಂಚಾಯಿತಿಗೆ ಹೋದೆವು. ಅವರು ರೇಷ್ಮೆ ಸೀರೆ ಉಟ್ಟಿದ್ದರು. ಕಾರ್ಯದರ್ಶಿಗಳ ಮೇಜಿನ ಮುಂದೆ ನಿಂತು, "ಬರ್ಕೋಳಪ್ಪಾ. ಕೊಟ್ಗೆ ಕಟ್ಟಿದ್ದೂ ನಾನೇಯ, ಸಗಣಿ ಎತ್ತೋ ಸಕ್ತಿ ಇಲ್ದೆ ಕೆಡವಿದ್ದೂ ನಾನೇಯ. ಈಗ ಈವಮ್ಮ ಅಲ್ಲಿ ಮನೆ ಕಟ್ಟವ್ಳೆ. ಸಂದಾಗೇ ಕಟ್ಟವ್ಳೆ" ಎಂದು ಹೆಬ್ಬೆಟ್ಟು ಒತ್ತಿದರು. ಮನೆ ನೋಡಿ ಬಾಯಿ ತುಂಬ ಹೊಗಳಿದ ನೆಂಟರು ಬಹಳ ಜನ ಇದ್ದಾರೆ. ಆ ಒಂದು ಮಾತಿಗೆ ಬಂದಷ್ಟು ಹೆಮ್ಮೆ ಯಾರ ಮಾತಿಗೂ ಬಂದಿರಲಿಲ್ಲ.

ಅಳತೆಗೆ ಬಂದ ಬಿಲ್ ಕಲೆಕ್ಟರ್ ಪಾಪ, ಒಳ್ಳೆಯ ಮನಸ್ಸಿನಿಂದ ವರಾಂಡವನ್ನು ಬಿಟ್ಟಿದ್ದ. ನಾನು ಅವನನ್ನು ಗೇಟಿನಿಂದ ವಾಪಸು ಕರೆದು ಅದನ್ನೂ ಸೇರಿಸಿದೆ. ಯಜಮಾನರು ತಲೆಯ ಮೇಲೆ ಕೈ ಹೊತ್ತು ಒಳಗೆ ಹೋದರು. ಹೊಸ ದಾಖಲೆ ಬಂತು: ಆರ್‌ಸಿಸಿ ವಾಸದ ಮನೆ. ಸಾಲವೂ ಸಿಕ್ಕಿತು, ಮಹಡಿಯೂ ಎದ್ದಿತು, ಈಗ ನಮ್ಮ ತಲೆಯ ಮೇಲೆ ಸಂಜೆ ಹೊತ್ತು ತಕಧಿಮಿ ನಡೆಯುತ್ತದೆ.

ಒಂದೇ ಒಂದು ತೊಡಕಾಯಿತು. ಟೇಪು ಹಿಡಿದು ಬಂದ ಮೇಲೆ ಬರಿಗೈಯಲ್ಲಿ ಯಾಕೆ ಹೋಗಬೇಕೆಂದು ಬಿಲ್ ಕಲೆಕ್ಟರ್ ಇಡೀ ಬೀದಿಯನ್ನು ಅಳೆದುಬಿಟ್ಟ. ಪುಸ್ತಕದಲ್ಲಿ ಒಬ್ಬರ ಮನೆ ರಾಗಿ ಕಣವಾಗಿತ್ತಂತೆ, ಇನ್ನೊಬ್ಬರದು ಖಾಲಿ ಜಾಗ, ಬ್ಯೂಟಿ ಪಾರ್ಲರ್ ನಿಜವಾಗಿಯೂ ಹೊಂಗೆ ಮರವೇ ಆಗಿತ್ತು. ಎಲ್ಲರಿಗೂ ಬಡ್ತಿ ಸಿಕ್ಕಿತು, ಎಲ್ಲರ ಕಂದಾಯವೂ ಏರಿತು. ಬಹಳ ದಿನ ಬೀದಿಯಲ್ಲಿ ನನ್ನ ಜೊತೆ ಮಾತಾಡಿದವರು ಮುನಿಯಮ್ಮನವರು ಒಬ್ಬರೇ. ಈಗ ಮಾತೇನೋ ಆಡುತ್ತಾರೆ. ಆದರೆ ಹೊಸಬರು ಯಾರಾದರೂ ನಮ್ಮ ಮನೆ ಕೇಳಿಕೊಂಡು ಬಂದರೆ ಮೂಲೆಯ ಅಂಗಡಿಯವನು, "ಓ, ಟ್ಯಾಕ್ಸ್ ಜಾಸ್ತಿ ಮಾಡ್ಸಿದ್ ಆಂಟಿ ಮನೇನಾ? ಸೀದಾ ಹೋಗಿ" ಎನ್ನುತ್ತಾನೆ. ಮೊದಮೊದಲು ಬೇಜಾರಾಗುತ್ತಿತ್ತು. ಮೊನ್ನೆ ಗ್ಯಾಸ್ ಸಿಲಿಂಡರಿನವನು ದಾರಿ ತಪ್ಪಿ ಫೋನ್ ಮಾಡಿದಾಗ, ಎಷ್ಟು ಹೇಳಿದರೂ ಅವನಿಗೆ ತಿಳಿಯದಿದ್ದಾಗ, ನಾನೇ ಆ ಗುರುತು ಹೇಳಿದೆ. ತಕ್ಷಣ ಬಂದ. ಸಿಲಿಂಡರ್ ಇಳಿಸಿ ಅವನು ಹೊರಡಲು ಅವಸರ ಮಾಡುತ್ತಿದ್ದರೂ, ಒಳಗೆ ಕರೆದು ಮಹಡಿ ತೋರಿಸಿಯೇ ಕಳಿಸಿದೆ.